ಸಾಹುಕಾರ್ತಿಯ ಎಡಗೈ

ಅವರ ಕೆಳತುಟಿಯ ನಟ್ಟನಡುವೆ ಸಾಸಿವೆ ಕಾಳಿನಷ್ಟು ಒಂದು ಬೂದು ಕಲೆಯಿತ್ತು. ಹುಟ್ಟುಮಚ್ಚೆಯಲ್ಲ. ನಲವತ್ತು ವರ್ಷ ಫೋಟೋ ಸ್ಟುಡಿಯೋದಲ್ಲಿ ಕೂತು, ಬಣ್ಣದ ಬ್ರಶ್ಶಿನ ತುದಿಯನ್ನು ತುಟಿಗೆ ತಾಗಿಸಿ ಚೂಪು ಮಾಡಿ ಮಾಡಿ ಉಳಿದ ಗುರುತು. ಸ್ಯಾನ್ ಮಟಿಯೋದ ನಮ್ಮ ಆಫೀಸಿಗೆ ಬಂದ ಮೇಲೆ ಅವರ ಕೈಗೆ ಬ್ರಶ್ಶಿನ ಬದಲು ಕಂಪ್ಯೂಟರಿಗೆ ಜೋಡಿಸಿದ ಒಂದು ಪ್ಲಾಸ್ಟಿಕ್ ಪೆನ್ನು ಸಿಕ್ಕಿತು. ಅದಕ್ಕೆ ಕೂದಲೂ ಇಲ್ಲ, ಬಣ್ಣವೂ ಇಲ್ಲ. ಆದರೂ ಪ್ರತಿ ಸಲ ಅದನ್ನು ತುಟಿಗೆ ಮುಟ್ಟಿಸಿಯೇ ಕೆಲಸಕ್ಕಿಳಿಯುತ್ತಿದ್ದರು. ನೋಡಿ ನೋಡಿ ಸಾಕಾದ ಯಾರೋ ಆ ಪೆನ್ನಿಗೆ 'ಇದನ್ನು ಯಾರೂ ಮುಟ್ಟಬೇಡಿ' ಎಂದು ಇಂಗ್ಲಿಷಿನಲ್ಲಿ ಚೀಟಿ ಅಂಟಿಸಿದರು. ಅದು ತಮಗೆ ಸಂದ ಮರ್ಯಾದೆ ಎಂದುಕೊಂಡು ಅವರು, "ನೋಡು ಮಾರಾಯ್ತಿ, ನನ್ನ ಪೆನ್ನು ಬೇರೆಯವರು ಮುಟ್ಲಿಕ್ಕಿಲ್ಲ" ಎಂದು ನನಗೆ ತೋರಿಸಿದರು. ನಾನು ನಿಜ ಹೇಳಲಿಲ್ಲ.

ನಾನು ಅವರನ್ನು ಟಚಿಂಗ್ ಮಾಮ ಎಂದು ಕರೆಯುತ್ತಿದ್ದೆ. ಫೋಟೋದ ಮುಖದಲ್ಲಿರುವ ಮೊಡವೆ, ಸುಕ್ಕು, ಕಲೆಗಳನ್ನು ತಿದ್ದುವ ಕೆಲಸಕ್ಕೆ ಸ್ಟುಡಿಯೋದವರು ಟಚಿಂಗ್ ಅನ್ನುತ್ತಾರೆ. ಉಡುಪಿ ಕಡೆಯ ಒಂದು ಸ್ಟುಡಿಯೋದಲ್ಲಿ ಅದೇ ಅವರ ಉದ್ಯೋಗವಾಗಿತ್ತು. ಸಾಂಟಾ ಕ್ಲಾರಾದಲ್ಲಿ ನರ್ಸಾಗಿದ್ದ ಮಗಳು ಅವರನ್ನು ಕರೆಸಿಕೊಂಡಿದ್ದಳು. ಅವರದು ನಮ್ಮ ಅಪಾರ್ಟ್‌ಮೆಂಟಿನ ಮೇಲಿನ ಮನೆ. ಮೈಸೂರಿನವಳಾದ ನಾನು ಮೊದಲ ದಿನ ಮೆಟ್ಟಿಲಲ್ಲಿ ಸಿಕ್ಕಾಗ ಅಭ್ಯಾಸಬಲದಿಂದ "ನಮಸ್ಕಾರ ಅಂಕಲ್" ಅಂದೆ.

"ಅಂಕಲ್ ಹೇಳಿ ದಾರಿಯಲ್ಲಿ ಹೋಗುವವರಿಗೂ ಹೇಳ್ತಾರೆ. ಮಾಮ ಹೇಳು," ಎಂದವರು ನನ್ನ ಮುಖವನ್ನು ಅರೆಗಣ್ಣು ಮಾಡಿ ನೋಡಿ, "ನಿನ್ನ ಮೂಗು ಸ್ವಲ್ಪ ಬಲಕ್ಕೆ ಉಂಟು. ಹೆದರಬೇಡ, ಲೈಟು ಎಡದಿಂದ ಹಾಕಿದ್ರೆ ಸರಿಯಾಗ್ತದೆ" ಅಂದರು. ಇಪ್ಪತ್ತಾರು ವರ್ಷ ಹೊತ್ತು ತಿರುಗಿದ ಮೂಗು. ಅದು ವಾರೆ ಎಂದು ನನಗೆ ಅವತ್ತೇ ಗೊತ್ತಾದದ್ದು!

ಅವರಿಗೆ ಎಲ್ಲರ ಮುಖವೂ ತಿದ್ದಬೇಕಾದ ನೆಗೆಟಿವ್ ಆಗಿಯೇ ಕಾಣುತ್ತಿತ್ತು. ಗ್ರೋಸರಿ ಅಂಗಡಿಯ ಗಲ್ಲಾದಲ್ಲಿ ಕೂತವನನ್ನು ನೋಡಿ "ಇವನ ಕಣ್ಣ ಕೆಳಗೆ ಒಂದೇ ಒಂದು ಸಲ ಪೆನ್ಸಿಲ್ ಆಡಿಸಿದ್ರೆ ಹತ್ತು ವರ್ಷ ಸಣ್ಣ ಆಗ್ತಾನೆ" ಎಂದು ನನ್ನ ಕಿವಿಯಲ್ಲಿ ಹೇಳುವರು. ನನ್ನ ಡ್ರೈವಿಂಗ್ ಲೈಸೆನ್ಸಿನ ಫೋಟೋ ನೋಡಿದ ದಿನವಂತೂ ಅವರಿಗೆ ಊಟ ಸೇರಲಿಲ್ಲ.

ಅದು ಡಾಟ್‌ಕಾಮ್ ಹುಚ್ಚು ಏರಿದ್ದ ಕಾಲ. ನಾನು ಕೆಲಸಕ್ಕಿದ್ದದ್ದು ಒಂಬತ್ತು ಜನರ ಒಂದು ಕಂಪನಿಯಲ್ಲಿ. ಮ್ಯೂಸಿಯಮ್ಮುಗಳಲ್ಲಿರುವ ಹಳೆಯ ವರ್ಣಚಿತ್ರಗಳನ್ನು ಕಂಪ್ಯೂಟರಿಗೆ ಏರಿಸಿ, ಬೇಕಾದವರಿಗೆ ಕ್ಯಾನ್ವಾಸಿನ ಮೇಲೆ ಅಚ್ಚು ಹಾಕಿ ಇಂಟರ್ನೆಟ್ಟಿನಲ್ಲಿ ಮಾರುವುದು ನಮ್ಮ ಬಾಸಿನ ಕನಸು. ಬಾಸಿಗೆ ಮೂವತ್ತು ತುಂಬಿರಲಿಲ್ಲ, ಕೂತಲ್ಲಿ ಕೂರುವ ಸ್ವಭಾವವೂ ಇರಲಿಲ್ಲ. ಆಫೀಸಿನ ಜಾಗ ಮೊದಲು ಹಲ್ಲಿನ ಆಸ್ಪತ್ರೆಯಾಗಿತ್ತು. ಪ್ರತಿ ಮೇಜಿನ ಪಕ್ಕದಲ್ಲೂ ಬಾಯಿ ಮುಕ್ಕಳಿಸುವ ಪುಟ್ಟ ಸಿಂಕು! ನಾವೆಲ್ಲ ಅದರಲ್ಲಿ ಕಾಫಿ ಲೋಟ ತೊಳೆಯುತ್ತ, ದಿನಕ್ಕೆ ಹನ್ನೆರಡು ಗಂಟೆ ದುಡಿಯುತ್ತ, ನಾಳೆಯೇ ಲೋಕ ಗೆಲ್ಲುತ್ತೇವೆ ಎಂದು ನಂಬಿಕೊಂಡಿದ್ದೆವು. ಈಗ ನಗು ಬರುತ್ತದೆ. ಆಗ ಬೆಳಿಗ್ಗೆ ಎದ್ದರೆ ಆಫೀಸಿಗೆ ಓಡಬೇಕು ಅನ್ನಿಸುತ್ತಿತ್ತು.

ಕಂಪ್ಯೂಟರಿಗೆ ಏರಿಸಿದ ಚಿತ್ರಗಳಲ್ಲಿ ಧೂಳು, ಗೀರು, ಕೂದಲ ಎಳೆ ಎಲ್ಲ ಬಂದುಬಿಡುತ್ತಿದ್ದವು. ಅವನ್ನು ಅಳಿಸುವವರು ಬೇಕಿತ್ತು. ನಾನು ಮಾಮನನ್ನು ಕರೆದುಕೊಂಡು ಹೋದೆ. ಕರೆದುಕೊಂಡು ಹೋದದ್ದರಲ್ಲಿ ನನ್ನ ಸ್ವಾರ್ಥವೂ ಇತ್ತು: ಕಾರಿನಲ್ಲಿ ಇಬ್ಬರಿದ್ದರೆ ಫ್ರೀವೇಯಲ್ಲಿ ಅರ್ಧ ದಾರಿ, ಒಂಟಿ ಸವಾರರಿಗೆ ಪ್ರವೇಶವಿಲ್ಲದ ಕಾರ್‌ಪೂಲ್ ಲೇನಿನಲ್ಲಿ ಸಂದಣಿಯಿಲ್ಲದೆ ಹೋಗಬಹುದಿತ್ತು. ಮೂರೇ ವಾರದಲ್ಲಿ ಅವರು ಸಾಫ್ಟ್‌ವೇರು ಕಲಿತರು. ನಾವು ಹುಡುಗರು ಅರ್ಧ ದಿನ ಒದ್ದಾಡುತ್ತಿದ್ದ ಗೀರನ್ನು ಅವರು ಒಂದು ಹಾಡು ಗುನುಗುವಷ್ಟರಲ್ಲಿ ತೆಗೆಯುತ್ತಿದ್ದರು. "ಮುಟ್ಟಿದ್ದು ಗೊತ್ತಾಗಬಾರದು, ಅಷ್ಟೇ" ಎನ್ನುವರು. ಬಾಸಂತೂ ಅವರ ಹಿಂದೆ ನಿಂತು, ಮ್ಯಾಜಿಕ್ ನೋಡುವ ಮಗುವಿನ ಹಾಗೆ ಬಾಯಿ ತೆರೆದುಕೊಂಡಿರುತ್ತಿದ್ದ.

ಕಾರಿನಲ್ಲಿ ಹೋಗುವಾಗ ಬರುವಾಗ ಅವರು ಸ್ಟುಡಿಯೋದ ಕಥೆ ಹೇಳುತ್ತಿದ್ದರು. ಹುಡುಗಿಯನ್ನು ತೋರಿಸಲು ತೆಗೆಸುವ ಫೋಟೋದಲ್ಲಿ ಕುತ್ತಿಗೆ ಬರಿದಾಗಿದ್ದರೆ ಇವರು ಹಳದಿ ಬಣ್ಣ ಕಲಸಿ ಸರ ತೊಡಿಸುತ್ತಿದ್ದರಂತೆ. ಯಾರೂ ಕೇಳದಿದ್ದರೂ!

"ಕೇಳ್ಲಿಕ್ಕೆ ಅವರಿಗೆ ನಾಚಿಕೆ ಆಗ್ತದಲ್ಲ? ನಾವೇ ನೋಡಿ ಹಾಕ್ಬೇಕು. ಒಬ್ಬ ಬಂದ. ಹೆಂಡತಿ ತೀರಿ ಹೋಗಿದ್ದಾಳೆ, ಒಂದು ಫೋಟೋ ಇಲ್ಲ. ಯಾರದ್ದೋ ಮದುವೆಯ ಗ್ರೂಪ್ ಫೋಟೋದಲ್ಲಿ, ಹಿಂದಿನ ಸಾಲಲ್ಲಿ, ಕಡಲೆಬೀಜದಷ್ಟು ಮುಖ ಉಂಟು. ಅದನ್ನು ದೊಡ್ಡದು ಮಾಡಿ, ಒಳ್ಳೆ ಸೀರೆ ಉಡಿಸಿ, ಎರಡು ಕೈಗೂ ಬಳೆ ಹಾಕಿ ಕೊಟ್ಟೆ. ನೋಡಿದ. 'ಈ ಬಳೆ ನಾನು ಮಾಡಿಸಿ ಕೊಡ್ಬೇಕು ಅಂತ ಇದ್ದೆ' ಹೇಳಿದ."

ಹೀಗಿರುವಾಗ ನಮ್ಮ ಕೈಗೆ ಸಾಹುಕಾರ್ತಿ ಬಂದಳು. ಆ ಹೆಸರು ಮಾಮನೇ ಇಟ್ಟದ್ದು. ಸ್ಯಾನ್ ಫ್ರಾನ್ಸಿಸ್ಕೋದ ಒಂದು ಮ್ಯೂಸಿಯಮ್ಮಿನಲ್ಲಿರುವ, ಮುನ್ನೂರೈವತ್ತು ವರ್ಷ ಹಳೆಯ ಬರೋಕ್ ಕಾಲದ ಚಿತ್ರ. ಯುರೋಪಿನ ಯಾವುದೋ ಬಂದರಿನ ದೊಡ್ಡ ವರ್ತಕನ ಹೆಂಡತಿ. ಮೈತುಂಬ ಕಪ್ಪು ರೇಷ್ಮೆ. ಕತ್ತಿನ ಸುತ್ತ ಹಪ್ಪಳದಷ್ಟು ಅಗಲದ ಬಿಳಿ ಲೇಸಿನ ಪಟ್ಟಿ, ಅದರ ಮೇಲೆ ಮುತ್ತಿನ ಸರ, ಸೊಂಟದಲ್ಲಿ ಚಿನ್ನದ ಸರಪಳಿ. ಬಲಗೈಯಲ್ಲಿ ಬೀಸಣಿಗೆ. ಎಡಗೈ ಕೆಂಪು ಕುರ್ಚಿಯ ತೋಳಿನ ಮೇಲೆ. ಹಿಂದೆಲ್ಲ ಕತ್ತಲು, ಮುಖ ಮತ್ತು ಕೈಗಳ ಮೇಲೆ ಮಾತ್ರ ಬೆಳಕು.

ಮಾಮ ಅದನ್ನು ಪರದೆಯ ಮೇಲೆ ನೋಡಿದ್ದೇ ತಡ ಕುರ್ಚಿಯಿಂದ ಎದ್ದು ನಿಂತುಬಿಟ್ಟರು. "ಏ, ಇಲ್ಲಿ ಬಾ! ಒಂದೇ ಲೈಟು ನೋಡು. ಎಡಗಡೆ, ಮೇಲಿನಿಂದ. ಹಿಂದೆ ಕಪ್ಪು ಪರದೆ. ನಮ್ಮ ಸ್ಟುಡಿಯೋದಲ್ಲಿಯೂ ಹೀಗೇ! ಈ ಪೈಂಟರ್ ನಮ್ಮವ ಮಾರಾಯ್ತಿ!" ಮೂರೂವರೆ ಶತಮಾನದ ಹಿಂದಿನವನನ್ನು ಪಕ್ಕದ ಬೀದಿಯವನೆಂಬಂತೆ ಹೊಗಳಿದ ಆ ದನಿ ಇನ್ನೂ ನನ್ನ ಕಿವಿಯಲ್ಲಿದೆ. ನನಗೆ ಬರೀ ಕಪ್ಪು ಕಂಡ ಬಟ್ಟೆಯಲ್ಲಿ ಅವರು ಏಳು ಬೇರೆ ಬೇರೆ ಕಪ್ಪು ತೋರಿಸಿದರು.

ಆ ಚಿತ್ರದ ಮೇಲೆ ನಮ್ಮೆಲ್ಲರ ಭವಿಷ್ಯ ನಿಂತಿತ್ತು. ಮ್ಯೂಸಿಯಂ ಪರೀಕ್ಷೆಗೆಂದು ಕೊಟ್ಟಿದ್ದ ಹತ್ತು ಚಿತ್ರಗಳಲ್ಲಿ ಅದೇ ಮುಖ್ಯವಾದದ್ದು. ನಮ್ಮ ಕೆಲಸ ಮೆಚ್ಚಿದರೆ ತಮ್ಮ ಸಂಗ್ರಹವನ್ನೆಲ್ಲ ನಮಗೆ ಒಪ್ಪಿಸುವ ಕರಾರಿಗೆ ಸಹಿ ಹಾಕುತ್ತಾರೆ. ಕರಾರಾದರೆ ಮುಂದಿನ ಬಂಡವಾಳ ಬರುತ್ತದೆ, ಆಗದಿದ್ದರೆ ಕಂಪನಿಗೆ ಬೀಗ. ಕಂಪನಿಗೆ ಬೀಗ ಬಿದ್ದರೆ ನನ್ನ ವೀಸಾ ರದ್ದು, ನಾನು ಗಂಟುಮೂಟೆ ಕಟ್ಟಬೇಕು.

ತಿದ್ದಿದ ಪ್ರತಿ ಚಿತ್ರವನ್ನೂ ಇನ್ನೊಬ್ಬರು ಮೂಲದ ಜೊತೆ ಇಂಚಿಂಚು ಹೋಲಿಸಿ ನೋಡಿ, ಹಾಳೆಯ ಮೇಲೆ ಸಹಿ ಹಾಕಬೇಕೆಂಬುದು ನಿಯಮ. ಸಹಿಯಾದ ಮೇಲೆ ಮೂಲದ ಫೈಲನ್ನು ಅಳಿಸಿಬಿಡುತ್ತಿದ್ದೆವು. ಡಿಸ್ಕಿನಲ್ಲಿ ಜಾಗ ಸಾಲದ ಕಾಲ ಅದು. ಸರಿಯಾಗಿ ನೋಡಲು ಒಂದು ಗಂಟೆ ಹಿಡಿಯುವ ಕೆಲಸ. ಆ ಸಹಿ ಹಾಕುವವಳು ನಾನು. ಸಾಹುಕಾರ್ತಿಯ ಸರದಿ ಬಂದಾಗ, ಮಾಮ ಮಾಡಿದ್ದು ಮತ್ತೆ ನೋಡುವುದೇನು ಎಂದುಕೊಂಡು ಎರಡು ನಿಮಿಷದಲ್ಲಿ ಸಹಿ ಗೀಚಿ ಊಟಕ್ಕೆ ಓಡಿದೆ. ಅಂದು ಯಾರೋ ಪಿಜ್ಜಾ ತರಿಸಿದ್ದರು.

ಬಾಸು ಆ ಚಿತ್ರವನ್ನು ಆಳೆತ್ತರದ ಕ್ಯಾನ್ವಾಸಿನ ಮೇಲೆ ಅಚ್ಚು ಹಾಕಿಸಿ, ಬಾಗಿಲಿನ ಎದುರಿನ ಗೋಡೆಗೆ ತೂಗುಹಾಕಿಸಿದ. ಮೂರು ದಿನ ನಾವು ಒಂಬತ್ತೂ ಜನ ಅದರ ಮುಂದೆಯೇ ಓಡಾಡಿದೆವು. ಅದರ ಕೆಳಗೇ ನಿಂತು ಕಾಫಿ ಕುಡಿದೆವು, ಮುಂದೆ ಬರಲಿರುವ ಭಾಗ್ಯದ ಮಾತಾಡಿದೆವು.

ನಾಲ್ಕನೆಯ ದಿನ ಬೆಳಿಗ್ಗೆ ಹತ್ತಕ್ಕೆ ಮ್ಯೂಸಿಯಮ್ಮಿನ ಮೇಡಂ ಬಂದರು. ನೆರೆತ ಕೂದಲು, ಎತ್ತರದ ಆಳು. ಕತ್ತಿನಲ್ಲಿ ದಾರ ಕಟ್ಟಿ ತೂಗುಬಿಟ್ಟ ಪುಟ್ಟ ಭೂತಗನ್ನಡಿ. ಬಾಸು ಚಾಚಿದ ಕೈಯನ್ನು ಕುಲುಕುತ್ತ ಗೋಡೆಯ ಕಡೆ ತಿರುಗಿದವರು ಹಾಗೇ ನಿಂತರು. ಹಿಂದೆ ಸರಿದರು. ಮತ್ತೆ ಹತ್ತಿರ ಹೋಗಿ, ಭೂತಗನ್ನಡಿ ಹಿಡಿದು, ಕುರ್ಚಿಯ ತೋಳಿನ ಮೇಲಿದ್ದ ಆ ಎಡಗೈಗೆ ಮುಖ ತಾಗಿಸುವಷ್ಟು ಬಗ್ಗಿದರು.

"ಇಪ್ಪತ್ತು ವರ್ಷದಿಂದ ಈ ಚಿತ್ರ ನನ್ನ ಸುಪರ್ದಿಯಲ್ಲಿದೆ," ಅಂದರು. "ಒಂದು ಕ್ಷಣ, ನಾನೇ ಇಷ್ಟು ವರ್ಷ ಈ ಬಳೆಗಳನ್ನು ಗಮನಿಸಿರಲಿಲ್ಲವೇನೋ ಅಂದುಕೊಂಡೆ."

ಬಳೆ! ನಾವೆಲ್ಲ ಒಟ್ಟಿಗೇ ತಿರುಗಿದೆವು. ಲೇಸಿನ ತೋಳಿನ ಅಂಚಿಗೂ ಮುಂಗೈಗೂ ನಡುವೆ ಎರಡು ಚಿನ್ನದ ಬಳೆಗಳು ಹಾಯಾಗಿ ಕೂತಿದ್ದವು, ಮುನ್ನೂರೈವತ್ತು ವರ್ಷದಿಂದ ಅಲ್ಲೇ ಇದ್ದ ಹಾಗೆ.

"ಬಹುಶಃ ಸ್ಕ್ಯಾನರಿನ ದೋಷ..." ಎಂದು ಬಾಸು ಶುರುಮಾಡಿದ. ಬಳೆ ತೊಡಿಸುವ ಸ್ಕ್ಯಾನರನ್ನು ನಾನಂತೂ ಕಂಡಿರಲಿಲ್ಲ.

ಮಾಮ ಹಲ್ಲಿನ ಆಸ್ಪತ್ರೆಯ ಸಿಂಕಿನ ಪಕ್ಕದಿಂದ ಎದ್ದು ಮುಂದೆ ಬಂದರು. "ಮೇಡಂ, ಹ್ಯಾಂಡ್ ಎಂಪ್ಟಿ," ಅಂದರು. ಅವರ ಇಂಗ್ಲಿಷು ಅಲ್ಲಿಗೇ ಮುಗಿಯಿತು. ನನ್ನ ಕಡೆ ತಿರುಗಿದರು. "ಹೇಳು ಮಾರಾಯ್ತಿ ಅವರಿಗೆ. ಇಷ್ಟು ದೊಡ್ಡ ಮನೆಯ ಹೆಂಗಸು. ಬೆರಳಲ್ಲಿ ಉಂಗುರ ಉಂಟು, ಗಂಡ ಬದುಕಿದ್ದಾನೆ ಅಂತಾಯ್ತು. ಮೈಮೇಲೆ ಕಪ್ಪು ಬಟ್ಟೆ ಬೇರೆ. ಕೈ ಬೋಳು ಇದ್ರೆ ನೋಡಿದವರು ಎಂತ ತಿಳ್ಕೊಳ್ತಾರೆ? ಪೈಂಟರಿಗೆ ಮರ್ತು ಹೋಗಿದೆ. ನಾನು ಹಾಕಿದೆ."

ಅಷ್ಟನ್ನೂ ಇಂಗ್ಲಿಷಿಗೆ ತಂದೆ. ಮೇಡಂ ನಗಲಿಲ್ಲ, ಬಯ್ಯಲೂ ಇಲ್ಲ. "ಎಷ್ಟು ಚೆನ್ನಾಗಿದೆ ಎಂಬುದೇ ನನ್ನ ಭಯ," ಅಂದರು. "ಇದು ಇಲ್ಲಿಂದ ಹತ್ತು ಸಾವಿರ ಮನೆಗೆ ಹೋದರೆ, ನಾಳೆ ನಮ್ಮ ಗೋಡೆಯ ಮೇಲಿರುವ ಚಿತ್ರವೇ ಸುಳ್ಳು ಅನ್ನುತ್ತಾರೆ. ಇವತ್ತು ಸಂಜೆ ನಮ್ಮ ಆಡಳಿತ ಮಂಡಳಿ ಸೇರುತ್ತದೆ. ನಾನು ಏನು ಹೇಳಲಿ?" ಮೂಲದ ಫೈಲು ತೋರಿಸಿ ಎಂದರು. ಅದನ್ನು ಅಳಿಸಿದ್ದೇವೆ ಎಂದು ಬಾಸು ತಲೆ ತಗ್ಗಿಸಿ ಹೇಳಿದ. ಮ್ಯೂಸಿಯಮ್ಮಿನವರು ಚಿತ್ರದ ಫೋಟೋ ತೆಗೆದಿಟ್ಟುಕೊಂಡ ಫಿಲ್ಮಿನಿಂದ ಮತ್ತೆ ಕಂಪ್ಯೂಟರಿಗೆ ಏರಿಸಿ ಮೊದಲಿನಿಂದ ತಿದ್ದಲು ವಾರವೇ ಹಿಡಿಯುತ್ತಿತ್ತು.

ಮಾಮನಿಗೆ ಅರ್ಥವಾಯಿತು. "ನಾನು ಹಾಕಿದ್ದನ್ನು ನಾನೇ ತೆಗೀತೇನೆ ಹೇಳು. ಸಂಜೆ ನಾಲ್ಕಕ್ಕೆ ಅವರ ಹತ್ರ ಇರುವ ಫಿಲ್ಮು ತರ್ಲಿ, ಪಕ್ಕದಲ್ಲಿಟ್ಟು ನೋಡ್ಲಿ. ಕೂದಲಿನಷ್ಟು ವ್ಯತ್ಯಾಸ ಇದ್ರೆ ಸಹಿ ಹಾಕುವುದು ಬೇಡ."

ಮೇಡಂ ಅವರನ್ನೇ ದಿಟ್ಟಿಸಿ ನೋಡಿದರು. ಚಿತ್ರಗಳ ಜೊತೆ ಬಾಳಿದವರಿಗೆ ಇಂಥದ್ದನ್ನು ನೋಡುವ ಆಸೆ ಹತ್ತಿಕ್ಕಲು ಆಗುವುದಿಲ್ಲವೇನೋ. "ನಾಲ್ಕಕ್ಕೆ ಬರುತ್ತೇನೆ" ಎಂದು ಹೊರಟರು.

ಆ ಐದೂವರೆ ಗಂಟೆ! ಮಾಮ ಸಿಂಕಿನಲ್ಲಿ ಮುಖ ತೊಳೆದು, ಪೆನ್ನು ತುಟಿಗೆ ಮುಟ್ಟಿಸಿ ಕೂತರು. ಎಲ್ಲರನ್ನೂ ದೂರ ಕಳಿಸಿ ನನಗೆ ಮಾತ್ರ "ನೀನು ಇಲ್ಲಿ ಕೂತ್ಕೋ. ನೋಡ್ತಾ ಇರು" ಅಂದರು. ಬಳೆಗಳು ಒಂದೊಂದೇ ಎಳೆಯಾಗಿ ಕರಗಿದವು. ಕೆಳಗೆ ಏನಿತ್ತೋ ಅದು ಯಾವ ಫೈಲಿನಲ್ಲೂ ಇರಲಿಲ್ಲ, ಅವರ ತಲೆಯಲ್ಲಿ ಮಾತ್ರ ಇತ್ತು.

"ಇಲ್ಲಿ ಒಂದು ನರ ಇತ್ತು. ನೀಲಿ. ಅಕ್ಕಿಕಾಳಿಗಿಂತ ಸ್ವಲ್ಪ ಉದ್ದ, ಕೊನೆಯಲ್ಲಿ ಎಡಕ್ಕೆ ಬಗ್ಗಿದ್ದು. ಇಲ್ಲಿ ಹಳೆ ಬಣ್ಣ ಬಿರುಕು ಬಿಟ್ಟ ಗೆರೆ ಮೂರು. ಅಲ್ಲ, ನಾಲ್ಕು. ನಾಲ್ಕನೇದು ಅರ್ಧದಲ್ಲೇ ನಿಂತದ್ದು."

"ಇಷ್ಟೆಲ್ಲ ಹೇಗೆ ನೆನಪಿದೆ ಮಾಮ ನಿಮ್ಗೆ?"

"ಮುಚ್ಚುವಾಗ ನೋಡಿಯೇ ಮುಚ್ಚಿದ್ದಲ್ವಾ? ಒಬ್ಬ ಅಷ್ಟು ಕಷ್ಟಪಟ್ಟು ಬಿಡಿಸಿದ ಕೈ. ನೋಡದೆ ಮುಚ್ಲಿಕ್ಕೆ ಆಗ್ತದಾ?"

ಎರಡು ನಿಮಿಷದಲ್ಲಿ ಗೀಚಿದ ನನ್ನ ಸಹಿ ನೆನಪಾಯಿತು. ಗಡಿಯಾರದ ಮುಳ್ಳು ಓಡುತ್ತಿತ್ತು, ಬಾಸು ಬಾಗಿಲ ಆಚೆ ಶತಪಥ ತಿರುಗುತ್ತಿದ್ದ, ಮಾಮನ ಕೈ ಮಾತ್ರ ಅವಸರವೇ ಇಲ್ಲದೆ ಒಂದೊಂದೇ ಚುಕ್ಕಿ ಇಡುತ್ತಿತ್ತು. ಮಧ್ಯಾಹ್ನದ ಡಬ್ಬಿ ತೆರೆಯಲಿಲ್ಲ, ನೀರು ಕೂಡ ಕುಡಿಯಲಿಲ್ಲ. ನಾಲ್ಕಕ್ಕೆ ಐದು ನಿಮಿಷವಿರುವಾಗ ಅಚ್ಚಿನ ಯಂತ್ರದಿಂದ ಆ ಕೈ ಹೊರಬಂತು. ಬರಿಯ ಕೈ.

ಮೇಡಂ ಅಂಗೈಯಗಲದ ಫಿಲ್ಮನ್ನು ಬೆಳಕಿನ ಪೆಟ್ಟಿಗೆಯ ಮೇಲಿಟ್ಟು, ಪಕ್ಕದಲ್ಲಿ ನಮ್ಮ ಅಚ್ಚನ್ನಿಟ್ಟು, ಭೂತಗನ್ನಡಿಯಲ್ಲಿ ಅತ್ತ ಇತ್ತ ನೋಡತೊಡಗಿದರು. ಹದಿನೈದು ನಿಮಿಷ ಕಳೆಯಿತು. ಕೊನೆಗೆ, "ನರ ಇದೆ" ಅಂದರು. ದನಿ ಬದಲಾಗಿತ್ತು. "ನಾವೇ ಮಾರುವ ಪೋಸ್ಟ್‌ಕಾರ್ಡಿನಲ್ಲಿ ಈ ನರ ಬಂದಿಲ್ಲ. ಇಲ್ಲಿ ಇದೆ."

ಬಾಸು ಕುಣಿದೇಬಿಟ್ಟ! ಒಬ್ಬರನ್ನೊಬ್ಬರು ತಬ್ಬಿಕೊಂಡೆವು, ಯಾರೋ ಸಿಂಕಿನ ನೀರನ್ನೇ ಎರಚಾಡಿದರು. ಮೇಡಂ ಬಂದು ಮಾಮನ ಬಲಗೈಯನ್ನು ತಮ್ಮ ಎರಡೂ ಕೈಗಳಲ್ಲಿ ಹಿಡಿದುಕೊಂಡರು. ಆಮೇಲೆ ಚೀಲದಿಂದ ಕರಾರಿನ ಕಾಗದ ತೆಗೆಯುತ್ತ, "ಒಂದು ಪ್ರಶ್ನೆ ಉಳಿದಿದೆ," ಅಂದರು. "ಇದನ್ನು ಪರಿಶೀಲಿಸಿದವರು ಯಾರು?"

ಬಾಸು ಹಾಳೆ ತಂದ. ಅದರ ಮೇಲೆ ನನ್ನ ಸಹಿ. ಅವನು ನನ್ನನ್ನು ನೋಡಿದ, ಮೇಡಂ ನೋಡಿದರು.

"ಶಿ ಚೆಕ್, ಓಕೆ," ಎಂದು ಹಿಂದಿನಿಂದ ಮಾಮನ ದನಿ ಬಂತು. "ಆಫ್ಟರ್ ದಟ್, ಐ ಪುಟ್."

ಅದು ಸುಳ್ಳೆಂದು ಆ ಕೋಣೆಯಲ್ಲಿ ಇಬ್ಬರಿಗೇ ಗೊತ್ತಿತ್ತು. ನಾನು ಅದನ್ನು ತಿದ್ದಲಿಲ್ಲ. ಮೇಡಂ ಬಹಳ ಹೊತ್ತು ಮಾಮನನ್ನು ನೋಡಿ, ಬೇಸರದಿಂದಲೇ ಹೇಳಿದರು: ಕರಾರಿಗೆ ಸಹಿ ಹಾಕುತ್ತೇನೆ, ಆದರೆ ಪರಿಶೀಲನೆ ಮುಗಿದ ಮೇಲೆ ಚಿತ್ರ ಮುಟ್ಟಿದವರು ಇನ್ನು ಮುಂದೆ ನಮ್ಮ ಚಿತ್ರಗಳನ್ನು ಮುಟ್ಟಕೂಡದು. ನಮ್ಮಲ್ಲಿದ್ದ ಚಿತ್ರಗಳೆಲ್ಲ ಅವರವೇ. ಮಾಮನ ಕೆಲಸ ಅಲ್ಲಿಗೆ ಮುಗಿಯಿತು. ನನ್ನ ಕೆಲಸ ಉಳಿಯಿತು.

ಮನೆಗೆ ಮರಳುವಾಗ ಕಾರಿನಲ್ಲಿ ಮಾಮನಿಗೆ ಒಂದು ಚೂರೂ ದುಃಖವಿದ್ದ ಹಾಗಿರಲಿಲ್ಲ. "ನರ ಇದೆ ಹೇಳಿದ್ರಲ್ಲ, ಕೇಳಿದ್ಯಾ? ಅವರಿಗೆ ಕಣ್ಣು ಉಂಟು ಮಾರಾಯ್ತಿ!" ಎಂದು ಸೀಟಿನಲ್ಲಿ ಕೂರಲಾರದೆ ಕೂತಿದ್ದರು. ನನಗೆ ತಡೆಯಲಾಗಲಿಲ್ಲ.

"ಮಾಮ, ನಾನು ನೋಡ್ಲೇ ಇಲ್ಲ. ನೋಡ್ದೇನೇ ಸೈನ್ ಹಾಕ್ಬಿಟ್ಟೆ. ತಪ್ಪು ನಂದು."

"ಗೊತ್ತುಂಟು."

"ಹೇಗೆ ಗೊತ್ತು?"

"ನೋಡಿದ್ದಿದ್ರೆ ನೀನು ಓಡಿ ಬಂದು, 'ಬಳೆ ಚಂದ ಉಂಟು ಮಾಮ' ಹೇಳ್ತಿದ್ದಿ. ಅದಕ್ಕೇ ಕಾದೆ. ಮೂರು ದಿನ ಗೋಡೆಯಲ್ಲಿತ್ತು. ಒಬ್ರಾದ್ರೂ ಹೇಳ್ತಾರೆ ಅಂತ ಕಾದೆ." ಕಿಟಕಿಯ ಕಡೆ ತಿರುಗಿದರು. "ಕೆಲಸ ಹೋದದ್ದಕ್ಕೆ ನನಗೆ ಎಂತದೂ ಇಲ್ಲ. ನೀವು ಯಾರೂ ನೋಡ್ಲೇ ಇಲ್ವಲ್ಲ, ಅದು ಬೇಸರ ಆಯ್ತು."

ಬಯ್ದಿದ್ದರೆ ತಡೆದುಕೊಳ್ಳುತ್ತಿದ್ದೆ. ಮರುದಿನ ಬಾಸಿಗೆ ನಿಜ ಹೇಳಬೇಕೆಂದುಕೊಂಡೆ, ಅದರ ಮರುದಿನವೂ ಅಂದುಕೊಂಡೆ. ಹೇಳಲಿಲ್ಲ. ಅದನ್ನು ಬರೆಯಲು ಇವತ್ತಿಗೂ ನನಗೆ ನಾಚಿಕೆಯಾಗುತ್ತದೆ.

ಮಾಮ ಎಲ್ ಕಮೀನೋ ರಸ್ತೆಯ ಒಂದು ಫೋಟೋ ಅಂಗಡಿಯಲ್ಲಿ ಪಾಸ್‌ಪೋರ್ಟ್ ಫೋಟೋ ತೆಗೆಯುವ ಕೆಲಸಕ್ಕೆ ಸೇರಿ, ಅಲ್ಲೂ ಜನರ ಮೂಗು ನೇರ ಮಾಡುತ್ತ ಖುಷಿಯಾಗಿದ್ದರು. ಎರಡು ವರ್ಷ ಕಳೆಯುವಷ್ಟರಲ್ಲಿ ಡಾಟ್‌ಕಾಮ್ ಗುಳ್ಳೆ ಒಡೆಯಿತು, ನಮ್ಮ ಕಂಪನಿಯೂ ಮುಚ್ಚಿತು. ಅಷ್ಟರಲ್ಲಿ ನನಗೆ ಬೇರೆ ಕೆಲಸ ಸಿಕ್ಕಿತ್ತು. ಆಫೀಸು ಖಾಲಿ ಮಾಡುವ ದಿನ ಎಲ್ಲರೂ ಕುರ್ಚಿ, ಮಾನಿಟರು ಹೊತ್ತುಕೊಂಡು ಹೋದರೆ, ನಾನು ಉಗ್ರಾಣದ ಮೂಲೆಯಲ್ಲಿ ಸುರುಳಿ ಸುತ್ತಿ ಬಿದ್ದಿದ್ದ ಆ ಬಳೆಯ ಕ್ಯಾನ್ವಾಸನ್ನು ಎತ್ತಿಕೊಂಡು ಸೀದಾ ಮಾಮನ ಮನೆಗೆ ಬಂದೆ.

ನೆಲದ ಮೇಲೆ ಬಿಡಿಸಿದೆವು. ನಾನು ಮಂಡಿಯೂರಿ ಕೂತು ಆ ಎಡಗೈಯನ್ನು ಮೊದಲ ಸಲ ನಿಜವಾಗಿ ನೋಡಿದೆ. ನೋಡುತ್ತ ನೋಡುತ್ತ ನನ್ನ ದನಿಯೇ ಏರಿತು. "ಮಾಮ, ಬಳೆ ಒಳಗೆ ಲೇಸಿನ ಬಿಳಿ ಕಾಣಿಸ್ತಿದೆ! ಹೊರಗಿನ ಬಳೆ ಅಡಿಯಲ್ಲಿ ಸವೆದಿದೆ, ಕುರ್ಚಿಗೆ ಉಜ್ಜಿ ಉಜ್ಜಿ. ಅಯ್ಯೋ, ಒಳಗಿನದು ಬಿಗಿಯಾಗಿದೆ ಅಲ್ವಾ? ಚರ್ಮ ಸ್ವಲ್ಪ ಕೆಂಪಗಾಗಿದೆ. ಇದು ಮದುವೆಯಲ್ಲಿ ಹಾಕ್ಕೊಂಡಿದ್ದು, ಆಮೇಲೆ ದಪ್ಪ ಆಗಿದಾಳೆ!"

ಮಾಮ ಕಣ್ಣು ಮುಚ್ಚಿ ತಲೆದೂಗುತ್ತ ಕೇಳಿದರು. ಎಲ್ಲ ಮುಗಿದ ಮೇಲೆ ನಾನು, ತಡವಾಗಿಯಾದರೂ, "ಬಳೆ ತುಂಬಾ ಚೆನ್ನಾಗಿದೆ ಮಾಮ" ಅಂದೆ.

"ಇನ್ನೊಂದು ಉಂಟು," ಅಂದರು, ಕಣ್ಣು ತೆರೆದು. "ಆ ಬಳೆಯಲ್ಲೇ. ನಿನಗೆ ಕಾಣ್ಲಿಲ್ಲ."

"ಏನದು? ಹೇಳಿ!"

"ಹೇಳುವುದಿಲ್ಲ. ತಗೊಂಡು ಹೋಗು ಮನೆಗೆ. ಕಂಡ ದಿನ ಬಂದು ಹೇಳು."

ಸಿಕ್ಕಿದಾಗಲೆಲ್ಲ ಕೇಳಿದೆ, ನಗುತ್ತಲೇ ತಲೆಯಾಡಿಸಿದರು. ಮರುವರ್ಷ ಎದೆನೋವು ಬಂದು, ಮಗಳು ಕೆಲಸ ಮಾಡುತ್ತಿದ್ದ ಆಸ್ಪತ್ರೆಯಲ್ಲೇ ತೀರಿಕೊಂಡರು. ಹಿಂದಿನ ದಿನ ನೋಡಲು ಹೋಗಿದ್ದಾಗ ಮಾತಾಡುವ ಶಕ್ತಿ ಇರಲಿಲ್ಲ. ನನ್ನನ್ನು ಕಂಡು ಎಡಗೈ ತುಸು ಎತ್ತಿ, ಮಣಿಕಟ್ಟಿನ ಸುತ್ತ ಬೆರಳು ಆಡಿಸಿ, ಹುಬ್ಬು ಹಾರಿಸಿ ಕೇಳಿದರು. ಇನ್ನೂ ಇಲ್ಲ ಎಂದು ತಲೆಯಾಡಿಸಿದೆ.

ಸಾಹುಕಾರ್ತಿ ಈಗ ನನ್ನ ಮನೆಯಲ್ಲಿ, ಊಟದ ಮೇಜಿನ ಎದುರು ಇದ್ದಾಳೆ. ನಿಜವಾಗಿಯೂ ಅಲ್ಲಿ ಇನ್ನೊಂದೇನೋ ಇದೆಯೋ, ಅಥವಾ ನಾನು ನೋಡುವುದನ್ನು ನಿಲ್ಲಿಸಬಾರದೆಂದು ಹಾಗೆ ಹೇಳಿ ಹೋದರೋ, ಗೊತ್ತಿಲ್ಲ. ಮೊನ್ನೆ ಶನಿವಾರ ಹೊಸ ಭೂತಗನ್ನಡಿ ತಂದು, ಸ್ಟೂಲು ಹಾಕಿಕೊಂಡು ಪೂರ್ತಿ ಒಂದು ಗಂಟೆ ನೋಡಿದೆ. ಸಿಕ್ಕಿಲ್ಲ.